ಸೂಪರ್‌ಬೈಕ್, ಸ್ಪೋರ್ಟ್ಸ್ ಕಾರು: ಆಯಿಲ್ ನಾವೇ ಬದಲಿಸುವಾಗ

ಡ್ರೈನ್ ಬೋಲ್ಟ್ ಬಿಚ್ಚಿ ಹಳೆ ಆಯಿಲ್ ಇಳಿಸುವುದು ಕಾಲು ಗಂಟೆಯ ಕೆಲಸ. ಲೀಟರ್ (1000 ಸಿಸಿ) ಬೈಕೇ ಇರಲಿ, ಪೋರ್ಷೆ 911 ಇರಲಿ, ಆ ಕಾಲು ಗಂಟೆಯಲ್ಲಿ ಎಂಜಿನ್ ಹಾಳಾಗುವುದು ಅಪರೂಪ. ಎಡವಟ್ಟಾಗುವುದೆಲ್ಲ ಅದರ ಆಚೀಚೆ: ಡಬ್ಬಿ ಆರಿಸುವಾಗ, ಬೋಲ್ಟ್ ಮರಳಿ ಬಿಗಿಯುವಾಗ, ಎಲ್ಲಕ್ಕಿಂತ ಹೆಚ್ಚಾಗಿ ಹೊಸ ಆಯಿಲ್‌ನ ಮಟ್ಟ ನೋಡುವಾಗ. ಸಾಧಾರಣ ಎಂಜಿನ್ ಅರ್ಧ ಲೀಟರ್ ಹೆಚ್ಚುಕಮ್ಮಿಯನ್ನು ಹೇಗೋ ಸಹಿಸಿಕೊಳ್ಳುತ್ತದೆ. 13,000 ಆರ್‌ಪಿಎಂ ಮುಟ್ಟುವ ಬೈಕು, ತಿರುವಿನಲ್ಲಿ ಒಂದು ಜಿಗಿಂತ (ತನ್ನದೇ ತೂಕಕ್ಕಿಂತ) ಹೆಚ್ಚು ಪಕ್ಕಕ್ಕೆ ಎಳೆಯುವ ಕಾರು ಸಹಿಸುವುದಿಲ್ಲ.

ಮೊದಲು ಡಬ್ಬಿಯ ಮಾತು. ಸ್ಪೋರ್ಟ್ಸ್ ಬೈಕಿನಲ್ಲಿ ಒಂದೇ ಆಯಿಲ್ ಮೂರು ಮನೆ ಕಾಯುತ್ತದೆ: ಎಂಜಿನ್, ಗೇರ್‌ಬಾಕ್ಸ್, ಕ್ಲಚ್. ವೆಟ್ ಕ್ಲಚ್ಚಿನ ಪ್ಲೇಟುಗಳು ಅದೇ ಆಯಿಲ್‌ನಲ್ಲಿ ನೆನೆದುಕೊಂಡೇ ತಿರುಗುತ್ತವೆ. ಇಂಧನ ಉಳಿಸಲೆಂದು ಕಾರಿನ ತೆಳು ಆಯಿಲ್‌ಗಳಿಗೆ ಬೆರೆಸುವ ಫ್ರಿಕ್ಷನ್ ಮಾಡಿಫೈಯರ್ ಈ ಪ್ಲೇಟುಗಳ ಹಿಡಿತವನ್ನೂ ಸಡಿಲಿಸಬಲ್ಲದು. ಮೇಲಿನ ಗೇರಿನಲ್ಲಿ ಪೂರ್ತಿ ಥ್ರಾಟಲ್ ತಿರುವಿದಾಗ ಆರ್‌ಪಿಎಂ ಜಿಗಿದು ವೇಗ ಮಾತ್ರ ಇದ್ದಲ್ಲೇ ಇದ್ದರೆ ಅದು ಕ್ಲಚ್ ಜಾರುವ ಲಕ್ಷಣ. ಹಾಗಾಗಿ ಡಬ್ಬಿಯ ಹಿಂದೆ ಹುಡುಕಬೇಕಾದ ಅಕ್ಷರಗಳು ಜಾಸೋ (ಜಪಾನಿನ ವಾಹನ ಮಾನಕ) ಎಂಎ ಅಥವಾ ಎಂಎ2. 2006ರ ಪರಿಷ್ಕರಣೆಯಲ್ಲಿ ಎಂಎ ದರ್ಜೆಯನ್ನು ಎಂಎ1, ಎಂಎ2 ಎಂದು ಒಡೆದರು. ಎಂಎ2 ಹೆಚ್ಚು ಹಿಡಿತದ ಕಡೆ. ಎಂಬಿ ಎಂದಿದ್ದರೆ ಅದು ಒಣ ಕ್ಲಚ್ಚಿನ ಸ್ಕೂಟರುಗಳಿಗೆ. ಶೆಲ್ಫಿನಲ್ಲಿ ಪಕ್ಕಪಕ್ಕದಲ್ಲೇ ಇರುತ್ತದೆ, ಬಣ್ಣವೂ ಒಂದೇ, ಕಣ್ಣು ತಪ್ಪುವುದು ಸುಲಭ. ಕಾರಿನ ಡಬ್ಬಿಯ ದುಂಡು ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಗುರುತಿನ ಕೆಳಗಿನ ಅರ್ಧದಲ್ಲಿ ‘ರಿಸೋರ್ಸ್ ಕನ್ಸರ್ವಿಂಗ್’ ಎಂದು ಬರೆದಿದ್ದರೆ ಅದನ್ನು ವೆಟ್ ಕ್ಲಚ್ ಬೈಕಿಗೆ ಸುರಿಯಬಾರದು. ಡುಕಾಟಿಯ 916ರಿಂದ 1098ರವರೆಗಿನ ಬೈಕುಗಳಲ್ಲಿ, ಈಚಿನ ಪಾನಿಗಾಲೆ ವಿ4 ಆರ್‌ನಲ್ಲಿ ಒಣ ಕ್ಲಚ್ ಇದೆ. ಅಲ್ಲಿ ಜಾರುವ ಭಯವಿಲ್ಲ, ಆದರೆ ಗೇರುಗಳು ಎಂಜಿನ್ ಆಯಿಲ್‌ನಲ್ಲೇ ಇವೆ ಎಂಬುದನ್ನು ಮರೆಯಬಾರದು.

ಆ ಗೇರುಗಳದ್ದೇ ಇನ್ನೊಂದು ತಕರಾರು. 10ಡಬ್ಲ್ಯೂ-40 ಆಯಿಲ್ 100 ಡಿಗ್ರಿ ಶಾಖದಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗಿನ ದಪ್ಪ ಹಿಡಿದಿಟ್ಟುಕೊಳ್ಳಬೇಕು. ‘40’ ಎಂಬ ಅಂಕಿಯ ಅರ್ಥವೇ ಅದು. ಆ ದಪ್ಪದ ಒಂದು ಪಾಲು ಪಾಲಿಮರ್‌ಗಳಿಂದ ಬಂದದ್ದು. ಗೇರ್ ಹಲ್ಲುಗಳ ನಡುವೆ ಸಿಕ್ಕಿ ಅವು ತುಂಡಾಗುತ್ತವೆ, ಆಯಿಲ್ ನಿಧಾನವಾಗಿ 30ರ ದರ್ಜೆಗೆ ಇಳಿಯುತ್ತದೆ. ಸವಾರನಿಗೆ ಇದು ಮೊದಲು ಗೊತ್ತಾಗುವುದು ಕಾಲಿಗೆ: ಹೊಸದರಲ್ಲಿ ಮೆತ್ತಗೆ ಬೀಳುತ್ತಿದ್ದ ಗೇರು ಟಕ್ ಎನ್ನತೊಡಗುತ್ತದೆ, ನ್ಯೂಟ್ರಲ್ ಸಿಗಲು ಸತಾಯಿಸುತ್ತದೆ. ಆಯಿಲ್ ಕಪ್ಪಾಯಿತು ಎಂಬುದಕ್ಕಿಂತ ಇದು ನಂಬಬಹುದಾದ ಸೂಚನೆ. ಕಪ್ಪು ಬಣ್ಣ ಬಹಳ ಸಲ ಡಿಟರ್ಜೆಂಟ್ ತನ್ನ ಕೆಲಸ ಮಾಡಿದ್ದರ ಗುರುತಷ್ಟೇ.

ಕಾರುಗಳಲ್ಲಿ ಕ್ಲಚ್ಚಿನ ಚಿಂತೆ ಇಲ್ಲ, ತಯಾರಕರ ಅನುಮೋದನೆ ಮುಖ್ಯ. ಪೋರ್ಷೆಯ ಎ40 ಎಂಬುದು 0ಡಬ್ಲ್ಯೂ-40, 5ಡಬ್ಲ್ಯೂ-40 ಆಯಿಲ್‌ಗಳಿಗೆ ಕೊಡುವ ಒಪ್ಪಿಗೆ. ನಿಸ್ಸಾನ್ ಜಿಟಿ-ಆರ್ ಆರ್35 ಕಾರ್ಖಾನೆಯಿಂದ ಬರುವುದು 0ಡಬ್ಲ್ಯೂ-40ರಲ್ಲಿ. ಬಿಎಂಡಬ್ಲ್ಯೂನ ಇ46 ಎಂ3, ಅದರ ನಂತರದ ವಿ8 ಎಂ3 ಎರಡೂ ಕೇಳುವುದು 10ಡಬ್ಲ್ಯೂ-60. ಇಷ್ಟು ದಪ್ಪದ ಆಯಿಲ್ ಬೆಚ್ಚಗಾಗುವ ಮೊದಲೇ ಆರ್‌ಪಿಎಂ ಏರಿಸಿದರೆ ಬೇರಿಂಗ್‌ಗಳಿಗೆ ಅದು ಸಕಾಲಕ್ಕೆ ತಲುಪುವುದಿಲ್ಲ. ಆ ಕಾರುಗಳ ಟ್ಯಾಕೋಮೀಟರಿನ ದೀಪಗಳು ಶಾಖ ಏರಿದಂತೆ ಒಂದೊಂದಾಗಿ ಆರುವುದು ಚಾಲಕನಿಗೆ ಅದನ್ನು ನೆನಪಿಸಲಿಕ್ಕೆ.

ಕೆಲಸಕ್ಕೆ ಕೂರುವ ಮೊದಲು ಕೈಯಳತೆಯಲ್ಲಿ ಇರಬೇಕಾದವು: ಆಯಿಲ್, ಫಿಲ್ಟರ್, ಹೊಸ ವಾಷರ್, ಸರಿಯಾದ ಅಳತೆಯ ಆರು ಮೂಲೆಯ ಸಾಕೆಟ್, ಫಿಲ್ಟರ್ ಬಿಚ್ಚುವ ಕಪ್, ಬಿಗಿ ಅಳೆಯುವ ಟಾರ್ಕ್ ವ್ರೆಂಚ್, ಅಳತೆ ಗೆರೆ ಇರುವ ಜಗ್, ಬಟ್ಟೆ, ನೈಟ್ರೈಲ್ ಕೈಗವಸು. ಹನ್ನೆರಡು ಮೂಲೆಯ ಸಾಕೆಟ್ ತೆಳ್ಳನೆ ತಲೆಯ ಬೋಲ್ಟಿನ ಮೂಲೆಗಳನ್ನು ಸವೆಸಿಬಿಡುತ್ತದೆ. ಕೈಗವಸು ಶೋಕಿಗಲ್ಲ, ಬಳಸಿದ ಎಂಜಿನ್ ಆಯಿಲ್ ಚರ್ಮಕ್ಕೆ ಪದೇಪದೇ ತಾಗುವುದು ಕ್ಯಾನ್ಸರಿನ ಅಪಾಯ ತರುತ್ತದೆ.

ಬೈಕಿನ ಕೆಳ ಫೇರಿಂಗ್ (ಹೊರಮೈ ಹೊದಿಕೆ) ಬಿಚ್ಚುವಾಗ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ರಟ್ಟಿನ ಮೇಲೆ ಚುಚ್ಚಿಡುವುದು ನನ್ನ ರೂಢಿ. ಎರಡು ಮಿ.ಮೀ. ಉದ್ದದ ವ್ಯತ್ಯಾಸವಿರುವ ಸ್ಕ್ರೂಗಳು ಒಂದೇ ಫೇರಿಂಗಿನಲ್ಲಿ ಇರುತ್ತವೆ. ಉದ್ದದ್ದು ತಪ್ಪು ಜಾಗಕ್ಕೆ ಹೋದರೆ ಒಳಗಿನ ರೇಡಿಯೇಟರಿಗೋ ವೈರಿಗೋ ತಾಗೀತು. ಕಾರಿನಲ್ಲಿ ಕಷ್ಟ ಎತ್ತುವುದರದ್ದು. ಮೂತಿ ನೆಲ ಸವರುವ ಕಾರಿಗೆ ಜಾಕ್ ಒಳಗೇ ಹೋಗುವುದಿಲ್ಲ. ಮೊದಲು ಚಕ್ರಗಳನ್ನು ಮರದ ಹಲಗೆಗಳ ಮೇಲೆ ಹತ್ತಿಸಿ ನಾಲ್ಕೈದು ಸೆಂಟಿಮೀಟರ್ ಎತ್ತರ ಗಳಿಸಬೇಕು, ಆಮೇಲೆ ಜಾಕ್. ಜಾಕ್ ಎತ್ತಲಿಕ್ಕೆ ಮಾತ್ರ; ಕೆಳಗೆ ಮಲಗುವ ಮೊದಲು ನಾಲ್ಕೂ ಕಡೆ ಸ್ಟ್ಯಾಂಡ್ ಬೇಕೇ ಬೇಕು. ಬರೀ ಮೂತಿ ಎತ್ತಿ ಕೆಲಸ ಮುಗಿಸುವವರಿದ್ದಾರೆ. ಸಂಪಿನ (ಎಂಜಿನ್ ತಳದ ಆಯಿಲ್ ತೊಟ್ಟಿಯ) ಡ್ರೈನ್ ಹಿಂದುಗಡೆ ಇದ್ದರೆ ಅದು ನಡೆಯುತ್ತದೆ, ಮುಂದುಗಡೆ ಇದ್ದರೆ ಅರ್ಧ ಲೀಟರ್ ಹಳೆ ಆಯಿಲ್ ಮೂಲೆಯಲ್ಲೇ ಉಳಿಯುತ್ತದೆ.

ಎಂಜಿನ್ನನ್ನು ಮೂರರಿಂದ ಐದು ನಿಮಿಷ ಓಡಿಸಿ ನಿಲ್ಲಿಸಬೇಕು. ಆಯಿಲ್ ಸಡಿಲಾಗಿ, ತಳ ಹಿಡಿದಿದ್ದ ಕಸ ಮೇಲೆದ್ದು ಜೊತೆಗೇ ಬರುತ್ತದೆ. ದೂರದ ಸವಾರಿ ಮುಗಿಸಿ ಬಂದ ತಕ್ಷಣ ಬಿಚ್ಚಬಾರದು. 100 ಡಿಗ್ರಿಯ ಆಯಿಲ್ ಮೊಣಕೈವರೆಗೆ ಹರಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ನಾಲ್ಕು ಸಿಲಿಂಡರಿನ ಬಹಳಷ್ಟು ಬೈಕುಗಳಲ್ಲಿ ಫಿಲ್ಟರ್ ಇರುವುದು ಎಕ್ಸಾಸ್ಟ್ ಪೈಪುಗಳ ಹಿಂದೆಯೇ; ಕೈ ಹೋಗುವ ದಾರಿಯೇ ಅದು.

ಇನ್ನೊಂದು ಸಣ್ಣ ಕ್ರಮ: ಕೆಳಗಿನ ಬೋಲ್ಟಿಗೆ ಕೈ ಹಾಕುವ ಮೊದಲು ಮೇಲಿನ ಫಿಲ್ಲರ್ ಮುಚ್ಚಳ ತೆರೆಯಿರಿ. ಗಾಳಿ ಒಳಹೋಗಿ ಆಯಿಲ್ ಸರಾಗವಾಗಿ ಇಳಿಯುತ್ತದೆ. ಅದಕ್ಕಿಂತ ದೊಡ್ಡ ಲಾಭ, ಮುಚ್ಚಳ ತೆರೆಯದೆ ಕಚ್ಚಿಕೊಂಡಿದ್ದರೆ ಅದು ಎಂಜಿನ್ ಖಾಲಿಯಾದ ಮೇಲೆ ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಾಗುತ್ತದೆ. ಕೆಳಗೆ ಯಾವ ಬೋಲ್ಟ್ ಎಂಬುದನ್ನೂ ಚಿತ್ರ ನೋಡಿ ಖಚಿತ ಮಾಡಿಕೊಳ್ಳಬೇಕು. ಆಟೋಮ್ಯಾಟಿಕ್ ಸುಬಾರುಗಳಲ್ಲಿ ಎಂಜಿನ್ ಆಯಿಲ್ ಎಂದುಕೊಂಡು ಟ್ರಾನ್ಸ್‌ಮಿಷನ್ ಫ್ಲೂಯಿಡ್ ಇಳಿಸುವುದು, ಆಮೇಲೆ ಇಳಿಸದೇ ಉಳಿದ ಎಂಜಿನ್ನಿಗೆ ಇನ್ನೈದು ಲೀಟರ್ ಸುರಿಯುವುದು ಹಳೆಯ, ಪ್ರಸಿದ್ಧ ತಪ್ಪು. ಅಂದರೆ ಒಂದೇ ಏಟಿಗೆ ಗೇರ್‌ಬಾಕ್ಸ್ ಒಣಗಿತು, ಎಂಜಿನ್ ಮುಳುಗಿತು.

ಕೆಲವು ಎಂಜಿನ್‌ಗಳಿಗೆ ಒಂದಕ್ಕಿಂತ ಹೆಚ್ಚು ಡ್ರೈನ್ ಇರುತ್ತವೆ. ವಿ8 ಎಂ3ಯ ಎಸ್65 ಎಂಜಿನ್ನಿನ ಸಂಪಿಗೆ ಎರಡು ಪ್ಲಗ್, ಅಂದರೆ ಡ್ರೈನ್ ಬೋಲ್ಟ್. ಪೋರ್ಷೆಯ 996, 997 ಜಿಟಿ3 ಡ್ರೈ ಸಂಪ್ (ಆಯಿಲ್ ಪ್ರತ್ಯೇಕ ಟ್ಯಾಂಕಿನಲ್ಲಿರುವ) ಕಾರುಗಳಲ್ಲಿ ಆಯಿಲ್ ಟ್ಯಾಂಕಿಗೆ ಒಂದು, ಕ್ರ್ಯಾಂಕ್‌ಕೇಸಿಗೆ ಒಂದು. ಒಂದನ್ನೇ ಬಿಚ್ಚಿ ಪುಸ್ತಕದಲ್ಲಿರುವಷ್ಟು ಹೊಸ ಆಯಿಲ್ ಸುರಿದರೆ ಮಟ್ಟ ಮಿತಿ ಮೀರಿತು ಎಂದೇ ಲೆಕ್ಕ. ಆದ್ದರಿಂದ ಇಳಿದ ಆಯಿಲನ್ನು ಜಗ್ಗಿನಲ್ಲಿ ಅಳೆದು ಬರೆದಿಡುವುದು ಒಳ್ಳೆಯದು. ಪುಸ್ತಕ 8.8 ಲೀಟರ್ ಎನ್ನುತ್ತಿದೆ, ಇಳಿದದ್ದು 6 ಎಂದರೆ ಇನ್ನೊಂದು ಪ್ಲಗ್ ಎಲ್ಲೋ ಕೂತಿದೆ, ಇಲ್ಲವೇ ಎಂಜಿನ್ ಆಯಿಲ್ ಕುಡಿದಿದೆ. ಎರಡೂ ತಿಳಿಯಬೇಕಾದ ಸಂಗತಿಗಳೇ.

ಆಯಿಲ್ ತೊಟ್ಟಿಕ್ಕುವ ಹತ್ತು ಹದಿನೈದು ನಿಮಿಷ ಸುಮ್ಮನೆ ಕೂರುವ ಬದಲು ಪ್ಲಗ್ ನೋಡಿ. ಅಯಸ್ಕಾಂತವಿರುವ ಪ್ಲಗ್ಗಿನ ತುದಿಯಲ್ಲಿ ಕಾಡಿಗೆಯಂಥ ಬೂದು ಲೇಪ ಇರುವುದು ಸಹಜ. ಬೈಕಿನ ಮೊದಲ 1000 ಕಿ.ಮೀ. ಸರ್ವಿಸಿನಲ್ಲಿ ಅದು ದಪ್ಪಗೇ ಇರುತ್ತದೆ. ಬೆರಳಲ್ಲಿ ಉಜ್ಜಿದಾಗ ಚುಚ್ಚುವ ಚೂರು, ಸೂಜಿಯಂಥ ಎಳೆ ಸಿಕ್ಕರೆ ಅದು ಗೇರಿನದ್ದೋ ಉರುಳೆ ಬೇರಿಂಗಿನದ್ದೋ ಆಗಿರಬಹುದು. ಅಯಸ್ಕಾಂತಕ್ಕೆ ಅಂಟದ ಹಳದಿ-ತಾಮ್ರದ ಮಿನುಗು ಇನ್ನೂ ಕೆಟ್ಟದ್ದು, ಏಕೆಂದರೆ ಪ್ಲೇನ್ ಬೇರಿಂಗುಗಳ ಒಳಪದರ ಅಂಥ ಲೋಹಗಳದ್ದು. ಹಳೆ ಫಿಲ್ಟರನ್ನು ಕತ್ತರಿಸಿ ಕಾಗದದ ಮಡಿಕೆಗಳನ್ನು ಬಿಡಿಸಿ ನೋಡಿದರೆ ಇನ್ನೂ ಸ್ಪಷ್ಟ. ಅಲ್ಲಿ ಕಂದು ನಾರಿನ ಚೂರುಗಳಿದ್ದರೆ ವೆಟ್ ಕ್ಲಚ್ ಸವೆಯುತ್ತಿದೆ. ಆಯಿಲ್ ಪರೀಕ್ಷೆಗೆ ಕಳಿಸುವುದಿದ್ದರೆ ಮೊದಲ ಧಾರೆ, ಕೊನೆಯ ಹನಿ ಬಿಟ್ಟು ನಡುವಿನ ಧಾರೆಗೆ ಬಾಟಲಿ ಹಿಡಿಯಬೇಕು. ಪೆಟ್ರೋಲ್ ವಾಸನೆ ಜೋರಾಗಿದ್ದು, ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ತಾನಾಗಿಯೇ ಏರಿದ್ದರೆ ಅದು ಡೈರೆಕ್ಟ್ ಇಂಜೆಕ್ಷನ್ (ಸಿಲಿಂಡರಿನೊಳಗೇ ಪೆಟ್ರೋಲ್ ಚಿಮ್ಮಿಸುವ) ಎಂಜಿನ್‌ಗಳ ಸಣ್ಣಪುಟ್ಟ ಓಡಾಟದ ಫಲ. ಅಂಥ ಕಾರಿಗೆ ಬದಲಾವಣೆಯ ಅಂತರ ಕಡಿಮೆ ಮಾಡಬೇಕು.

ಈಗ ಬೋಲ್ಟ್ ಬಿಗಿಯುವ ಘಟ್ಟ. ಡ್ರೈನ್ ಬೋಲ್ಟ್ ಉಕ್ಕಿನದು, ಸಂಪ್ ಅಲ್ಯುಮಿನಿಯಂ. ಡುಕಾಟಿ 1199 ಪಾನಿಗಾಲೆಯಂಥವುಗಳಲ್ಲಿ ಎಂಜಿನ್ನಿನ ಕೆಲವು ಹೊರಕವಚಗಳು ಮೆಗ್ನೀಷಿಯಂನವು, ಅದು ಇನ್ನೂ ಮೆದು. ‘ಕೈಗೆ ಬಿಗಿ ಗೊತ್ತು’ ಎನ್ನುವವರ ಕೈ ಹತ್ತು ಸಲ ಸರಿ ಇರುತ್ತದೆ, ಹನ್ನೊಂದನೆಯ ಸಲ ಥ್ರೆಡ್ ಸುರುಳಿ ಸುರುಳಿಯಾಗಿ ಬೋಲ್ಟಿನ ಜೊತೆ ಹೊರಬರುತ್ತದೆ. ಅಂದಾಜು ಎಷ್ಟು ಮೋಸ ಎಂಬುದಕ್ಕೆ ಮೂರು ಅಂಕಿ ಸಾಕು: ಯಮಹಾ ಆರ್1 ಡ್ರೈನ್ ಬೋಲ್ಟಿಗೆ 43 ನ್ಯೂಟನ್ ಮೀಟರ್, ಹೋಂಡಾ ಸಿಬಿಆರ್1000ಆರ್‌ಆರ್‌ಗೆ 30, ಸುಜುಕಿ ಜಿಎಸ್‌ಎಕ್ಸ್-ಆರ್1000ಕ್ಕೆ 23. ಒಂದೇ ವರ್ಗದ ಮೂರು ಬೈಕು. ಒಂದರ ಬಿಗಿ ಇನ್ನೊಂದರ ಹೆಚ್ಚುಕಮ್ಮಿ ಅರ್ಧ. 997 ಕ್ಯಾರೆರಾದ ಪ್ಲಗ್ 50, ಇ46 ಎಂ3ಯದು 25. ನಿಮ್ಮ ವರ್ಷದ ಕೈಪಿಡಿಯ ಅಂಕಿಯೇ ಕೊನೆಯ ಮಾತು.

ಆ ಅಂಕಿ ಒಣ, ಸ್ವಚ್ಛ ಥ್ರೆಡ್ಡಿಗೆ. ಆಯಿಲ್ ಹತ್ತಿದ ಥ್ರೆಡ್ಡಿನಲ್ಲಿ ಅದೇ ಟಾರ್ಕ್‌ಗೆ ಬೋಲ್ಟ್ ಹೆಚ್ಚು ಎಳೆದುಕೊಳ್ಳುತ್ತದೆ. ಒರೆಸಿ, ಕೈಬೆರಳಿನಲ್ಲೇ ಕೊನೆಯವರೆಗೆ ತಿರುಗಿಸಿ. ಮೊದಲೆರಡು ಸುತ್ತು ಬೆರಳಿಗೆ ಬಾರದೆ ತಡೆದರೆ ಥ್ರೆಡ್ ಅಡ್ಡ ಕೂರುತ್ತಿದೆ ಎಂದರ್ಥ, ಸ್ಪ್ಯಾನರಿನಿಂದ ಒತ್ತಾಯಿಸಬಾರದು. ಟಾರ್ಕ್ ವ್ರೆಂಚೂ ನೋಡಿಕೊಳ್ಳಬೇಕಾದ ವಸ್ತು. 200 ನ್ಯೂಟನ್ ಮೀಟರಿನ ದೊಡ್ಡ ವ್ರೆಂಚಿನಲ್ಲಿ 23 ಅಳೆಯುವುದು ಅಕ್ಕಸಾಲಿಗನ ಕೆಲಸಕ್ಕೆ ಮೂಟೆ ತೂಗುವ ತಕ್ಕಡಿ ತಂದಂತೆ. ಇಂಥ ಕೆಲಸಕ್ಕೆ 5ರಿಂದ 50ರವರೆಗಿನ ಸಣ್ಣದು ಬೇಕು.

ವಾಷರ್ ಪ್ರತಿ ಸಲ ಹೊಸದು. ತಾಮ್ರ, ಅಲ್ಯುಮಿನಿಯಂ, ಅಥವಾ ಒಳಗೆ ಪೊಳ್ಳಾಗಿ ಮಡಚಿದ ಕ್ರಷ್ ವಾಷರ್, ಯಾವುದೇ ಇರಲಿ, ಒಮ್ಮೆ ನಜ್ಜಾಗಿ ಮೈಗೆ ಮೈ ಕೂಡಿಸುವುದೇ ಅದರ ಕಸುಬು. ಹಳೆಯದನ್ನೇ ಹಾಕಿದರೆ ತೊಟ್ಟಿಕ್ಕುತ್ತದೆ, ತೊಟ್ಟಿಕ್ಕಿತೆಂದು ಇನ್ನಷ್ಟು ಬಿಗಿದಾಗ ಥ್ರೆಡ್ ಹೋಗುತ್ತದೆ. ಥ್ರೆಡ್ ಕಿತ್ತುಹೋದ ಕಥೆಗಳ ಬುಡದಲ್ಲಿ ಬಹಳ ಸಲ ಒಂದು ಹಳೆ ವಾಷರ್ ಇರುತ್ತದೆ. ಇನ್ನೊಂದು ಎಚ್ಚರ: ಹಳೆ ವಾಷರ್ ಕೆಲವೊಮ್ಮೆ ಸಂಪಿಗೇ ಅಂಟಿಕೊಂಡಿರುತ್ತದೆ, ಬೋಲ್ಟಿನ ಜೊತೆ ಬರುವುದಿಲ್ಲ. ನೋಡದೆ ಹೊಸದನ್ನೂ ಸೇರಿಸಿದರೆ ಎರಡು ವಾಷರ್, ಸೋರಿಕೆ ಖಾತ್ರಿ. ಥ್ರೆಡ್ ಆಗಲೇ ಹೋಗಿದ್ದರೆ ಥ್ರೆಡ್ ಟೇಪ್, ಅಂಟು ಎಂದು ಹೊರಡಬೇಡಿ. ಹೆಲಿಕಾಯಿಲ್ ಸುರುಳಿ ಅಥವಾ ಟೈಮ್-ಸರ್ಟ್ ತೋಳು ಕೂರಿಸುವುದೇ ದಾರಿ. ಪದೇಪದೇ ಬಿಚ್ಚುವ ಡ್ರೈನ್‌ಗೆ ಗಟ್ಟಿ ತೋಳಿನ ಟೈಮ್-ಸರ್ಟ್ ವಾಸಿ ಎಂಬುದು ನನ್ನ ಅಭಿಪ್ರಾಯ.

ಫಿಲ್ಟರ್ ಬಿಚ್ಚಿದ ಕೂಡಲೇ ನೋಡಬೇಕಾದ್ದು ಒಂದೇ: ಹಳೆ ಫಿಲ್ಟರಿನ ರಬ್ಬರ್ ಉಂಗುರ ಅದರಲ್ಲೇ ಇದೆಯೇ, ಎಂಜಿನ್ನಿಗೆ ಅಂಟಿ ಉಳಿದಿದೆಯೇ. ಉಳಿದಿದ್ದರ ಮೇಲೆ ಹೊಸದು ಕೂತರೆ ನಿಂತಲ್ಲಿ ಏನೂ ಕಾಣುವುದಿಲ್ಲ. ಆರ್‌ಪಿಎಂ ಏರಿ ಒತ್ತಡ ಏರಿದಾಗ ಉಂಗುರ ಪಕ್ಕಕ್ಕೆ ಚಿಮ್ಮಿ ಕೆಲವೇ ಸೆಕೆಂಡುಗಳಲ್ಲಿ ಆಯಿಲ್ ಹೊರಗೆ. ಬೈಕಿನಲ್ಲಿ ಅದು ಹೋಗುವುದು ಹಿಂದಿನ ಟೈರಿನ ಮೇಲೆ. ಹೊಸ ಉಂಗುರಕ್ಕೆ ಬೆರಳಿನಿಂದ ಹೊಸ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ, ಉಂಗುರ ತಾಗಿದ ಮೇಲೆ ಫಿಲ್ಟರಿನ ಮೈಮೇಲೆ ಬರೆದಷ್ಟು ಸುತ್ತು, ಅಥವಾ ಕೈಪಿಡಿಯ ಟಾರ್ಕ್: ಆರ್1ಕ್ಕೆ 17, ಸಿಬಿಆರ್1000ಆರ್‌ಆರ್‌ಗೆ 26 ನ್ಯೂಟನ್ ಮೀಟರ್. ತಲೆಯ ಮೇಲೆ ನಟ್ ಬೆಸೆದಿರುವ ಫಿಲ್ಟರುಗಳಿವೆ. ಆ ನಟ್ ಬಿಚ್ಚಲಿಕ್ಕೆ ಮಾತ್ರ. ಅದರಿಂದ ಬಿಗಿದರೆ ಬೆಸುಗೆಯ ಸುತ್ತ ತಗಡು ಸೀಳುವ ಅಪಾಯವಿದೆ.

ಜರ್ಮನ್ ಕಾರುಗಳ ಕಾಗದದ ಕಾರ್ಟ್ರಿಜ್‌ಗೆ ಬೇರೆ ಕ್ರಮ. 997 ಕ್ಯಾರೆರಾದ ಫಿಲ್ಟರ್ ಡಬ್ಬಿ, ಬಿಎಂಡಬ್ಲ್ಯೂನ ಮುಚ್ಚಳ ಎರಡಕ್ಕೂ 25 ನ್ಯೂಟನ್ ಮೀಟರ್ ಸಾಕು. ಪ್ಲಾಸ್ಟಿಕ್ ಅದು, ಹೆಚ್ಚಾದರೆ ಬಿರುಕು. ದೊಡ್ಡ ಓ-ರಿಂಗ್ ಬದಲಿಸುವುದನ್ನು ಯಾರೂ ಮರೆಯುವುದಿಲ್ಲ, ಒಳಗಿನ ಕಡ್ಡಿಯ ಸಣ್ಣ ಓ-ರಿಂಗ್ ಮರೆಯುವವರೇ ಹೆಚ್ಚು. ಅದು ಗಟ್ಟಿಯಾಗಿದ್ದರೆ ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಒಳಗೆ ಆಯಿಲ್ ಫಿಲ್ಟರಿನ ಮೂಲಕ ಹೋಗದೆ ಪಕ್ಕದಿಂದಲೇ ದಾಟುತ್ತಿರುತ್ತದೆ.

ಎಕ್ಸಾಸ್ಟ್ ಪೈಪಿನ ಮೇಲೆ ಬಿದ್ದ ಆಯಿಲನ್ನು ಎಂಜಿನ್ ತಣ್ಣಗಿರುವಾಗಲೇ ಬ್ರೇಕ್ ಕ್ಲೀನರಿನಿಂದ ಒರೆಸಿ, ಪೂರ್ತಿ ಆರಲು ಬಿಡಬೇಕು. ಬಿಸಿ ಲೋಹದ ಮೇಲೆ ಸಿಂಪಡಿಸಬೇಡಿ: ಸಾಮಾನ್ಯ ಬಗೆಯದು ಹೊತ್ತಿಕೊಳ್ಳಬಹುದು, ಕ್ಲೋರಿನ್ ಇರುವ ಬಗೆಯದು ವಿಷಾನಿಲ ಬಿಡಬಹುದು.

ಇನ್ನು ಸುರಿಯುವುದು. ಕೈಪಿಡಿಯಲ್ಲಿ ಮೂರು ಪ್ರಮಾಣ ಇರುತ್ತವೆ: ಆಯಿಲ್ ಮಾತ್ರ ಬದಲಿಸಿದಾಗ, ಫಿಲ್ಟರ್ ಸಮೇತ ಬದಲಿಸಿದಾಗ, ಎಂಜಿನ್ ಪೂರ್ತಿ ಬಿಚ್ಚಿ ಒಣಗಿಸಿ ಜೋಡಿಸಿದಾಗ. ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. ಎಷ್ಟೋ ಜನ ಅದನ್ನೇ ಓದಿಕೊಂಡು ಸುರಿಯುತ್ತಾರೆ. ಬೇಕಾದದ್ದು ನಡುವಿನದು, ಅದರಲ್ಲೂ ಮೊದಲು ಹತ್ತರಲ್ಲಿ ಒಂಬತ್ತು ಪಾಲು. ನಂತರ ಥ್ರಾಟಲ್ ಮುಟ್ಟದೆ ಸ್ಟಾರ್ಟ್ ಮಾಡಿ ಆಯಿಲ್ ಪ್ರೆಷರ್ ದೀಪದ ಮೇಲೆ ಕಣ್ಣಿಡಬೇಕು. ಖಾಲಿ ಫಿಲ್ಟರ್ ತುಂಬಲು ಕೆಲವು ಸೆಕೆಂಡು ಹಿಡಿಯುತ್ತದೆ. ಹತ್ತು ಸೆಕೆಂಡಾದರೂ ದೀಪ ಆರದಿದ್ದರೆ ಎಂಜಿನ್ ನಿಲ್ಲಿಸಿ ಕಾರಣ ಹುಡುಕಬೇಕು. ಫಿಲ್ಟರ್ ಬಾಯಿ ಮೇಲಾಗಿ ಕೂರುವ ಎಂಜಿನ್ ಆದರೆ ಅದನ್ನು ಮೊದಲೇ ಅರ್ಧಕ್ಕಿಂತ ಹೆಚ್ಚು ತುಂಬಿಸಿಕೊಳ್ಳಬಹುದು, ಟರ್ಬೊ ಇರುವ ಕಾರಿಗೆ ಅದು ಉಪಕಾರ. ಅಡ್ಡ ಮಲಗುವ ಫಿಲ್ಟರಿಗೆ ಈ ಉಪಾಯ ನಡೆಯದು.

ಮಟ್ಟ ನೋಡುವುದರಲ್ಲಿ ಬೈಕಿಗೂ ಕಾರಿಗೂ ಬೇರೆ ಬೇರೆ ಬಲೆಗಳಿವೆ. ಬೈಕಿನ ಸೈಟ್ ಗ್ಲಾಸ್ (ಆಯಿಲ್ ಮಟ್ಟ ತೋರಿಸುವ ಗಾಜಿನ ಕಿಂಡಿ) ನೋಡಬೇಕಾದ್ದು ಬೈಕು ನೆಟ್ಟಗೆ, ಎರಡೂ ಚಕ್ರ ಒಂದೇ ಮಟ್ಟದಲ್ಲಿ ಇದ್ದಾಗ. ಹಿಂಚಕ್ರ ಎತ್ತುವ ಪ್ಯಾಡಕ್ ಸ್ಟ್ಯಾಂಡ್ ಮಾತ್ರ ಹಾಕಿದರೆ ಮೂತಿ ತಗ್ಗಿ ಆಯಿಲ್ ಮುಂದಕ್ಕೆ ಸರಿಯುತ್ತದೆ, ಗಾಜು ಸುಳ್ಳು ಹೇಳುತ್ತದೆ. ಕೈಪಿಡಿಯೇ ಹಾಗೆ ನೋಡಿ ಎನ್ನದಿದ್ದರೆ ಮುಂದೂ ಸ್ಟ್ಯಾಂಡ್ ಹಾಕಿ, ಇಲ್ಲವೇ ಒಬ್ಬರು ಬೈಕ್ ನೆಟ್ಟಗೆ ಹಿಡಿದು ಇನ್ನೊಬ್ಬರು ಬಗ್ಗಿ ನೋಡಲಿ. ಬೆಚ್ಚಗೆ ಓಡಿಸಿ, ನಿಲ್ಲಿಸಿ, ಎರಡು ಮೂರು ನಿಮಿಷ ಕಾದು ನೋಡಬೇಕು. ಕಡಿಮೆ ಇದ್ದರೆ 100 ಮಿಲಿಲೀಟರಿನಂತೆ ಸೇರಿಸಿ. ಎರಡು ಗೆರೆಗಳ ನಡುವೆ ಮುಕ್ಕಾಲಿಗೆ ನಿಂತರೆ ಸಾಕು. ಹೆಚ್ಚಾದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ಬ್ರೀದರ್ ಪೈಪಿನಿಂದ ಅದು ಏರ್‌ಬಾಕ್ಸಿಗೆ ಏರುತ್ತದೆ. ನೊರೆಯೆಂದರೆ ಅರ್ಧ ಗಾಳಿ, ಬೇರಿಂಗನ್ನು ಅದು ಹೊರಲಾರದು. ಕಡಿಮೆಯಾದರೆ ಜೋರು ಬ್ರೇಕ್ ಹಾಕಿದಾಗ, ಮುಂಚಕ್ರ ಎದ್ದಾಗ ಪಂಪಿನ ಬಾಯಿ ಗಾಳಿ ಎಳೆಯುತ್ತದೆ.

ಡ್ರೈ ಸಂಪ್ ಕಾರುಗಳಲ್ಲಿ ಆಯಿಲ್‌ನ ಮನೆ ಎಂಜಿನ್ನಿನ ತಳ ಅಲ್ಲ, ಪ್ರತ್ಯೇಕ ಟ್ಯಾಂಕ್. ರಾತ್ರಿ ನಿಂತ ಕಾರಿನಲ್ಲಿ ಟ್ಯಾಂಕಿನ ಆಯಿಲ್ ಮೆಲ್ಲನೆ ಎಂಜಿನ್ನಿಗೆ ಜಾರಿರುತ್ತದೆ. ಬೆಳಿಗ್ಗೆ ಡಿಪ್‌ಸ್ಟಿಕ್ ಎತ್ತಿದರೆ ಖಾಲಿಯಂತೆ ಕಾಣುತ್ತದೆ, ಗಾಬರಿಯಾದವರು ಒಂದು ಲೀಟರ್ ಸುರಿಯುತ್ತಾರೆ. ಸ್ಟಾರ್ಟ್ ಮಾಡಿದಾಗ ಪಂಪ್ ಎಲ್ಲವನ್ನೂ ಟ್ಯಾಂಕಿಗೆ ಮರಳಿ ತಳ್ಳುತ್ತದೆ, ಹೆಚ್ಚಾದದ್ದು ಗಾಳಿ ಒಳಬರುವ ದಾರಿಗೆ ಹೋಗಿ ನೀಲಿ ಹೊಗೆ. 1998ರವರೆಗಿನ ಗಾಳಿ-ತಂಪಿನ 911ಗಳಲ್ಲಿ ಸರಿಯಾದ ರೀತಿ: ಸಮತಟ್ಟು ನೆಲ, ಪೂರ್ತಿ ಬಿಸಿಯಾದ ಎಂಜಿನ್, ಐಡಲಿನಲ್ಲಿ ಓಡುತ್ತಿರುವಾಗಲೇ ಡಿಪ್‌ಸ್ಟಿಕ್. ಕಾರ್ವೆಟ್ ಸಿ6 ಝಡ್06ನಲ್ಲಿ ಬಿಸಿ ಎಂಜಿನ್ ನಿಲ್ಲಿಸಿ ಐದು ನಿಮಿಷಕ್ಕೆ. ಒಂದರ ನಿಯಮ ಇನ್ನೊಂದಕ್ಕೆ ಸಲ್ಲದು.

ಡಿಪ್‌ಸ್ಟಿಕ್ಕೇ ಇಲ್ಲದ ಕಾರುಗಳದ್ದು ಮತ್ತೊಂದು ಪಾಡು. ಎಸ್65ರ ಎಂ3ಯಲ್ಲಿ ಸೆನ್ಸರ್ ಹೇಳಿದ್ದೇ ಮಟ್ಟ, ಆಯಿಲ್ ಬಿಸಿಯೇರುವವರೆಗೆ ಅದು ಬಾಯಿ ಬಿಡುವುದಿಲ್ಲ. 8.8 ಲೀಟರಿನಲ್ಲಿ ಎಂಟೂಕಾಲು ಸುರಿದು, ಓಡಿಸಿ ಬಿಸಿ ಮಾಡಿ, ಪರದೆಯಲ್ಲಿ ನೋಡಿ ಉಳಿದದ್ದು ಸೇರಿಸುವುದು ಸುರಕ್ಷಿತ. ಸೇರಿಸುವುದು ಒಂದು ನಿಮಿಷದ ಮಾತು. ತೆಗೆಯಬೇಕೆಂದರೆ ಕಾರು ಮತ್ತೆ ಸ್ಟ್ಯಾಂಡ್ ಹತ್ತಬೇಕು.

ಟ್ರ್ಯಾಕಿಗೆ ಹೋಗುವ ಬೈಕಾದರೆ ಇನ್ನೊಂದು ಕೆಲಸ ಬಾಕಿ. ಎಫ್‌ಐಎಂ (ಅಂತರರಾಷ್ಟ್ರೀಯ ಮೋಟರ್‌ಸೈಕಲ್ ಒಕ್ಕೂಟ) ರೇಸ್ ನಿಯಮಗಳ ಪ್ರಕಾರ ಡ್ರೈನ್ ಪ್ಲಗ್ಗಿಗೆ ಲಾಕ್‌ವೈರ್ (ಸಡಿಲಾಗದಂತೆ ತಡೆಯುವ ತಂತಿ) ಕಟ್ಟಿರಬೇಕು, ಕೆಳ ಫೇರಿಂಗ್ ಎಂಜಿನ್ನಿನ ಆಯಿಲ್-ಕೂಲೆಂಟಿನ ಅರ್ಧದಷ್ಟನ್ನಾದರೂ ಹಿಡಿಯುವಂತಿರಬೇಕು. ಬೋಲ್ಟಿನ ತಲೆಗೆ 1.5 ಮಿ.ಮೀ. ತೂತು, 0.8 ಮಿ.ಮೀ. ಸ್ಟೇನ್‌ಲೆಸ್ ತಂತಿ. ಬೋಲ್ಟ್ ಸಡಿಲಾಗಲು ಹೊರಟರೆ ತಂತಿ ಅದನ್ನು ಬಿಗಿಯುವ ದಿಕ್ಕಿಗೆ ಎಳೆಯುವಂತೆ ಕಟ್ಟಬೇಕು. ತಿರುವುಮುರುವಾದರೆ ತಂತಿ ಬರೀ ಅಲಂಕಾರ.

ಫೇರಿಂಗನ್ನೂ ಕಾರಿನ ತಳದ ತಗಡನ್ನೂ ಆತುರದಲ್ಲಿ ಹಾಕಬೇಡಿ. ಎಂಜಿನ್ ಬಿಸಿಯಾಗಿ ತಣ್ಣಗಾದ ಮೇಲೆ ಬೋಲ್ಟ್, ಫಿಲ್ಟರ್ ಸುತ್ತ ಒಣ ಬೆರಳಾಡಿಸಿ, ಕೆಳಗೆ ರಟ್ಟು ಹಾಸಿ ರಾತ್ರಿ ಬಿಡಿ. ಹಳೆ ಆಯಿಲ್ ಹೊಸ ಆಯಿಲ್‌ನ ಖಾಲಿ ಡಬ್ಬಿಗಳಿಗೇ ಹೋಗಲಿ, ಬಳಸಿದ ಆಯಿಲ್ ಸಂಗ್ರಹಿಸುವಲ್ಲಿಗೆ ಹೋಗಲಿ. ಅದಕ್ಕೆ ಕೂಲೆಂಟ್, ಬ್ರೇಕ್ ಕ್ಲೀನರ್ ಬೆರೆಸಿದರೆ ಮರುಸಂಸ್ಕರಣೆಗೆ ತೆಗೆದುಕೊಳ್ಳದೇ ಇರಬಹುದು. ಕಿಲೋಮೀಟರ್, ಇಳಿದ ಲೀಟರ್, ಸುರಿದ ಲೀಟರ್ ಬರೆದಿಟ್ಟು ಸರ್ವಿಸ್ ಸೂಚಕ ರೀಸೆಟ್ ಮಾಡಿ. ಬೆಳಿಗ್ಗೆ ರಟ್ಟಿನ ಮೇಲೆ ಕಲೆ ಇಲ್ಲದಿದ್ದರೆ ಫೇರಿಂಗ್ ಹಾಕಬಹುದು. ಇದ್ದರೆ, ಬಿಗಿಯುವ ಮೊದಲು ವಾಷರ್ ಎಷ್ಟಿದೆ ಎಂದು ಎಣಿಸಿ.